ನೂರು ಕಡಿಮೆ ಬಂದ ಮೊತ್ತ: ಅಲನ್ ಟ್ಯೂರಿಂಗ್ ಅವರ ಜೀವನ ಮತ್ತು ನಮ್ಮ ಬ್ಯಾಂಕಿನ ಮೇಜು

ಪವಾಯಿಯ ನಮ್ಮ ಬ್ಯಾಂಕ್ ಶಾಖೆಗೆ ಕೆಲವು ತಿಂಗಳ ಹಿಂದೆ ಪರಿಚಿತ ಗ್ರಾಹಕರೊಬ್ಬರು ಬಂದಿದ್ದರು. ಇಂಗ್ಲೆಂಡಿನಲ್ಲಿರುವ ಮಗಳ ಮನೆಯಿಂದ ಹಿಂದಿರುಗುವಾಗ ಅವರ ಬಳಿ ಐವತ್ತು ಪೌಂಡಿನ ನೋಟೊಂದು ಉಳಿದಿತ್ತು. ಅದನ್ನು ಬದಲಾಯಿಸಿಕೊಳ್ಳುವ ಬಗೆ ವಿಚಾರಿಸಿದರು. ಸುಮಾರು ಮೂವತ್ತು ವರ್ಷಗಳಿಂದ ನೋಟುಗಳ ನಡುವೆಯೇ ಬದುಕಿರುವ ನಮಗೆ ಯಾವ ನೋಟು ಕೈಗೆ ಬಂದರೂ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ. ಆ ಕೆಂಬಣ್ಣದ ನೋಟಿನ ಹಿಂಬದಿಯಲ್ಲಿದ್ದವನು ರಾಜನೂ ಅಲ್ಲ, ಸೇನಾಪತಿಯೂ ಅಲ್ಲ. ಕೋಟು ತೊಟ್ಟು ಓರೆಯಾಗಿ ತಲೆ ಬಾಚಿದ ಒಬ್ಬ ಸಾಧಾರಣ ವ್ಯಕ್ತಿ. ಪಕ್ಕದಲ್ಲಿ ಗಣಿತದ ಸೂತ್ರಗಳು, ಹಳೆಯ ಯಂತ್ರವೊಂದರ ನಕ್ಷೆ, ಸೊನ್ನೆ ಮತ್ತು ಒಂದುಗಳ ಒಂದು ಸಾಲು. ಆ ಸಾಲು ಅವರ ಜನ್ಮದಿನಾಂಕವೇ ಎಂಬುದು ನಮಗೆ ಆಮೇಲೆ ತಿಳಿಯಿತು. ಅವರು ಅಲನ್ ಮ್ಯಾಥಿಸನ್ ಟ್ಯೂರಿಂಗ್; ಕಂಪ್ಯೂಟರಿನ ತತ್ತ್ವವನ್ನು ರೂಪಿಸಿದವರಲ್ಲಿ ಅಗ್ರಗಣ್ಯರು, ಯಂತ್ರವು ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನು ಲೋಕದ ಮುಂದಿಟ್ಟವರು.

ಬ್ಯಾಂಕುಗಳಲ್ಲಿ, ವಿಮಾ ಕಚೇರಿಗಳಲ್ಲಿ, ಅಂಗಡಿ ಮುಂಗಟ್ಟುಗಳಲ್ಲಿಯೂ ಈಗ ಕೃತಕ ಬುದ್ಧಿಮತ್ತೆಯದೇ ಮಾತು. ನಮ್ಮ ಶಾಖೆಯಿಂದ ಅನತಿದೂರದಲ್ಲಿ, ಪವಾಯಿ ಕೆರೆಯ ದಡದಲ್ಲಿ, 1958ರಲ್ಲಿ ಆರಂಭವಾದ ಐ.ಐ.ಟಿ. ಇದೆ. ಅಲ್ಲಿಂದ ಹೊರಬಂದ ತರುಣರು ಕಟ್ಟಿದ ಕಂಪೆನಿಗಳು ಈ ಸುತ್ತಿನಲ್ಲೇ ಇವೆ. ಮುಂಬಯಿ ಕನ್ನಡಿಗರಾದ ನಮಗೆ ಇದು ದೂರದ ವಿಷಯವಲ್ಲ. ಕರಾವಳಿಯಿಂದ ಬಂದ ನಮ್ಮ ಹಿರಿಯರಲ್ಲಿ ಅನೇಕರು ಹಗಲು ಫೋರ್ಟಿನ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ, ಗುಮಾಸ್ತಗಿರಿಯ ಮೆಟ್ಟಿಲಿನಿಂದಲೇ ಮೇಲೇರಿದವರು. ಆ ಮೆಟ್ಟಿಲು ನಮ್ಮ ಮಕ್ಕಳ ಕಾಲಕ್ಕೆ ಉಳಿಯುವುದೇ ಎಂಬ ಆತಂಕ ಮನೆಮನೆಗಳಲ್ಲಿದೆ. ಆದ್ದರಿಂದ ಈ ಚಿಂತನೆಯ ಮೂಲಪುರುಷರ ಬಾಳನ್ನು ಒಬ್ಬ ಬ್ಯಾಂಕ್ ನೌಕರನ ಕಣ್ಣಿನಿಂದ ಇಲ್ಲಿ ನೋಡಲು ಯತ್ನಿಸಿದ್ದೇವೆ.

ಬಳ್ಳಾರಿಯ ನಂಟು

ಟ್ಯೂರಿಂಗ್ ಮನೆತನಕ್ಕೂ ನಮ್ಮ ನಾಡಿಗೂ ಒಂದು ನಂಟಿದೆಯೆಂದರೆ ಓದುಗರಿಗೆ ಆಶ್ಚರ್ಯವಾದೀತು. ತಂದೆ ಜೂಲಿಯಸ್ ಟ್ಯೂರಿಂಗ್ ಇಂಡಿಯನ್ ಸಿವಿಲ್ ಸರ್ವಿಸಿನ ಅಧಿಕಾರಿ. ಮದರಾಸು ಪ್ರಾಂತದ ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಸಹಾಯಕ ಕಲೆಕ್ಟರರಾಗಿ ಸೇವೆ ಸಲ್ಲಿಸಿದವರು. ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಅದಕ್ಕೆ ಬಹು ಹಿಂದಿನ ಮಾತು ಇದು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮುತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರ್. ತುಂಗಭದ್ರಾ ನದಿಯ ರೈಲ್ವೆ ಸೇತುವೆಯ ನಿರ್ಮಾಣದ ಹೊಣೆ ಹೊತ್ತವರು. ಸದ್ದು ಮಾಡದ ಪಂಖಾದ ಗಾಲಿಯೊಂದನ್ನು ಕಂಡುಹಿಡಿದು ಅದಕ್ಕೆ ಪೇಟೆಂಟನ್ನೂ ಪಡೆದಿದ್ದರು. ಯಂತ್ರದ ಹುಚ್ಚು ಮೊಮ್ಮಗನಿಗೆ ಅಜ್ಜನ ಬಳುವಳಿಯಾಗಿ ಬಂದಿತೆನ್ನಬಹುದು.

ಅಲನ್ ಜನಿಸಿದ್ದು 1912ರ ಜೂನ್ 23ರಂದು ಲಂಡನ್ನಿನಲ್ಲಿ. ತಂದೆಯ ನೌಕರಿ ಇಲ್ಲಿ, ಮಕ್ಕಳ ಆರೋಗ್ಯಕ್ಕೆ ಇಲ್ಲಿಯ ಬಿಸಿಲು ಹಿತವಲ್ಲವೆಂಬ ಭಯ. ಹೀಗಾಗಿ ಅಲನ್ ಮತ್ತು ಅಣ್ಣ ಜಾನ್ ಇಬ್ಬರನ್ನೂ ಇಂಗ್ಲೆಂಡಿನ ಕಡಲತೀರದ ಊರೊಂದರಲ್ಲಿ, ನಿವೃತ್ತ ಸೈನ್ಯಾಧಿಕಾರಿಯ ಕುಟುಂಬದ ಆಶ್ರಯದಲ್ಲಿ ಬಿಟ್ಟರು. ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಮುಂಬಯಿಯಲ್ಲಿ ದುಡಿದ ನಮ್ಮ ಹಿಂದಿನ ತಲೆಮಾರಿನವರಿಗೆ ಈ ಅಗಲಿಕೆಯ ನೋವನ್ನು ವಿವರಿಸಬೇಕಾಗಿಲ್ಲ.

ಹದಿಮೂರನೆಯ ವಯಸ್ಸಿನಲ್ಲಿ ಶೆರ್ಬೋರ್ನ್ ಎಂಬ ವಸತಿಶಾಲೆಗೆ ಸೇರಬೇಕಾದ ದಿನವೇ, 1926ರಲ್ಲಿ, ದೇಶವ್ಯಾಪಿ ಮುಷ್ಕರದಿಂದ ರೈಲುಗಳು ನಿಂತುಹೋದವು. ಬಾಲಕ ಸೈಕಲ್ ಏರಿ, ದಾರಿಯಲ್ಲಿ ಒಂದು ರಾತ್ರಿ ತಂಗಿ, ಸುಮಾರು 60 ಮೈಲಿ ತುಳಿದು ಶಾಲೆಯನ್ನು ತಲುಪಿದ. ಅಲ್ಲಿ ದೊರೆತ ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್ 1930ರಲ್ಲಿ ಕ್ಷಯದಿಂದ ತೀರಿಕೊಂಡ. ಒಟ್ಟಿಗೆ ಕುಳಿತು ನಕ್ಷತ್ರಗಳನ್ನೂ ಗಣಿತವನ್ನೂ ಚರ್ಚಿಸಿದ ಆ ಗೆಳೆಯನ ಮನಸ್ಸು ದೇಹ ಹೋದ ಮೇಲೆ ಏನಾಯಿತೆಂಬ ಚಿಂತೆ ಅಲನ್‌ರನ್ನು ಬಹುಕಾಲ ಕಾಡಿತು. ಮನಸ್ಸೆಂಬುದು ಜಡವಸ್ತುವಿನಲ್ಲಿ ನೆಲೆಸುವ ಬಗೆ ಹೇಗೆಂಬ ಅವರ ಬಾಳಿನ ಪ್ರಶ್ನೆಗೆ ಈ ದುಃಖವೂ ಒಂದು ಬೀಜವಾಗಿತ್ತು.

ಗುಮಾಸ್ತನೇ ಕಂಪ್ಯೂಟರ್

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಓದಿ, 22ರ ಹರೆಯದಲ್ಲೇ ಅಲ್ಲಿನ ಫೆಲೋ ಆದ ಟ್ಯೂರಿಂಗ್, 1936ರಲ್ಲಿ ಬರೆದ ಒಂದು ಲೇಖನದಿಂದ ಅಮರರಾದರು. ಗಣಿತದ ಯಾವುದೇ ಹೇಳಿಕೆಯನ್ನು ಕೊಟ್ಟರೂ ಅದು ಸಾಧಿತವೋ ಅಲ್ಲವೋ ಎಂಬುದನ್ನು ತಪ್ಪದೆ ನಿರ್ಣಯಿಸುವ ಯಾಂತ್ರಿಕ ವಿಧಾನವೊಂದಿದೆಯೇ ಎಂಬುದು ಆ ಕಾಲದ ವಿದ್ವಾಂಸರ ಪ್ರಶ್ನೆ. ಉತ್ತರಕ್ಕಾಗಿ ಟ್ಯೂರಿಂಗ್ ಮೊದಲು ನೋಡಿದ್ದು ಯಂತ್ರವನ್ನಲ್ಲ, ಕಾಗದ ಪೆನ್ಸಿಲ್ ಹಿಡಿದು ಕುಳಿತ ಮನುಷ್ಯನನ್ನು. ಅಂದು ಕಂಪ್ಯೂಟರ್ ಎಂಬ ಪದಕ್ಕೆ ಲೆಕ್ಕ ಮಾಡುವ ಗುಮಾಸ್ತ ಎಂಬುದೇ ಅರ್ಥ. ಆತ ಮಕ್ಕಳ ಲೆಕ್ಕದ ಪುಸ್ತಕದಂತಹ ಚೌಕಗಳ ಹಾಳೆಯಲ್ಲಿ ಒಂದು ಅಂಕಿಯನ್ನು ನೋಡುತ್ತಾನೆ, ಬರೆಯುತ್ತಾನೆ ಇಲ್ಲವೇ ಅಳಿಸುತ್ತಾನೆ, ಪಕ್ಕದ ಚೌಕಕ್ಕೆ ಸರಿಯುತ್ತಾನೆ, ತಾನು ಯಾವ ಹಂತದಲ್ಲಿದ್ದೇನೆಂಬುದನ್ನು ನೆನಪಿಡುತ್ತಾನೆ. ಇಷ್ಟನ್ನೇ ಮಾಡುವ ಯಂತ್ರವೊಂದನ್ನು ಟ್ಯೂರಿಂಗ್ ಕಲ್ಪಿಸಿದರು. ಆ ಮೇಲೆ, ಬೇರೆ ಯಾವ ಯಂತ್ರದ ನಿಯಮಾವಳಿಯನ್ನು ಕೊಟ್ಟರೂ ಅದನ್ನೋದಿ ಆ ಯಂತ್ರದ ಕೆಲಸವನ್ನೇ ಮಾಡಬಲ್ಲ ಸಾರ್ವತ್ರಿಕ ಯಂತ್ರವನ್ನು ವಿವರಿಸಿದರು. ಇಂದಿನ ಮೊಬೈಲಿನಿಂದ ಹಿಡಿದು ಬ್ಯಾಂಕಿನ ಸರ್ವರ್‌ವರೆಗೆ ಎಲ್ಲದರ ತಿರುಳು ಅದೇ.

ಲೆಡ್ಜರ್ ಬರೆದ ನಮ್ಮಂತಹವರಿಗೆ ಇಲ್ಲಿ ಒಂದು ಮಾತು ಮನಮುಟ್ಟುತ್ತದೆ. ಕಂಪ್ಯೂಟರ್ ಎಂಬುದು ಆಕಾಶದಿಂದ ಇಳಿದುಬಂದ ವಸ್ತುವಲ್ಲ. ನಮ್ಮ ಹಿರಿಯರು ಮಾಡುತ್ತಿದ್ದ ಕೆಲಸವನ್ನೇ ಗಮನವಿಟ್ಟು ನೋಡಿದವರೊಬ್ಬರು ಅದನ್ನು ರೂಪಿಸಿದರು. ಅದೇ ಲೇಖನದಲ್ಲಿ ಟ್ಯೂರಿಂಗ್, ಯಾವ ಯಂತ್ರದಿಂದಲೂ ನಿರ್ಣಯಿಸಲಾಗದ ಪ್ರಶ್ನೆಗಳಿವೆ ಎಂಬುದನ್ನೂ ಸಾಧಿಸಿ ತೋರಿಸಿದರು. ಯಂತ್ರದ ಶಕ್ತಿಯೂ ಅದರ ಮಿತಿಯೂ ಒಂದೇ ದಿನ ಹುಟ್ಟಿದ ಅವಳಿಗಳು.

ಯುದ್ಧಕಾಲದ ಯಂತ್ರ, ಯುದ್ಧಕಾಲದ ಜನ

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ 1938ರಲ್ಲಿ ಡಾಕ್ಟರೇಟ್ ಪಡೆದು ಮರಳಿದ ಟ್ಯೂರಿಂಗ್, ಮರುವರ್ಷ ಯುದ್ಧ ಘೋಷಣೆಯಾದ ಮಾರನೆಯ ದಿನವೇ ಬ್ಲೆಚ್ಲಿ ಪಾರ್ಕ್ ಎಂಬ ರಹಸ್ಯ ಕೇಂದ್ರದಲ್ಲಿ ಹಾಜರಾದರು. ಜರ್ಮನರ ಸಂದೇಶಗಳು ಎನಿಗ್ಮಾ ಎಂಬ ಯಂತ್ರದಿಂದ ಗೂಢಲಿಪಿಯಾಗಿ ಹೊರಡುತ್ತಿದ್ದವು. ಆ ಯಂತ್ರ ಮೊದಲಿಗೆ ವ್ಯಾಪಾರ ಸಂಸ್ಥೆಗಳ ಗುಟ್ಟು ಕಾಯಲೆಂದು ಮಾರುಕಟ್ಟೆಗೆ ಬಂದದ್ದು. ಸೈನ್ಯ ಅದನ್ನು ತನ್ನದಾಗಿಸಿಕೊಂಡಿತು. ಪೋಲೆಂಡಿನ ಗಣಿತಜ್ಞರು ಹಾಕಿಕೊಟ್ಟ ದಾರಿಯಲ್ಲಿ ಮುಂದುವರಿದು ಟ್ಯೂರಿಂಗ್ ರೂಪಿಸಿದ ಬಾಂಬ್ ಎಂಬ ಹೆಸರಿನ ಶೋಧಕ ಯಂತ್ರ 1940ರಲ್ಲಿ ಕೆಲಸಕ್ಕೆ ತೊಡಗಿತು. ಜಲಾಂತರ್ಗಾಮಿಗಳ ಸಂದೇಶಗಳನ್ನು ಭೇದಿಸಿದ್ದರಿಂದ ಅಟ್ಲಾಂಟಿಕ್ ಸಾಗರದಲ್ಲಿ ಅಸಂಖ್ಯ ಹಡಗುಗಳು ಉಳಿದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯಂತ್ರ ಬಂದ ಮೇಲೆ ಆ ಕೇಂದ್ರಕ್ಕೆ ಜನ ಸಾಲದಾದರು. 1941ರ ಅಕ್ಟೋಬರಿನಲ್ಲಿ ಟ್ಯೂರಿಂಗ್ ಮತ್ತು ಮೂವರು ಸಹೋದ್ಯೋಗಿಗಳು ಮೇಲಧಿಕಾರಿಗಳನ್ನು ದಾಟಿ ನೇರವಾಗಿ ಪ್ರಧಾನಿ ಚರ್ಚಿಲ್ ಅವರಿಗೇ ಪತ್ರ ಬರೆದರು. ಕೇಳಿದ್ದು ಕೋಟಿ ಹಣವನ್ನಲ್ಲ, ಕೆಲವು ಗುಮಾಸ್ತರನ್ನು ಮತ್ತು ಬೆರಳಚ್ಚುಗಾರರನ್ನು. ಚರ್ಚಿಲ್ ಕೂಡಲೇ ಆಜ್ಞೆ ಹೊರಡಿಸಿದರು. ಯುದ್ಧದ ಕೊನೆಯ ವೇಳೆಗೆ ಅಲ್ಲಿ ಸಾವಿರಾರು ಮಂದಿ ದುಡಿಯುತ್ತಿದ್ದರು. ಅವರಲ್ಲಿ ಬಹುಪಾಲು ಮಹಿಳೆಯರು.

ಬ್ಯಾಂಕಿನವರಿಗೆ ನಗು ತರಿಸುವ ಪ್ರಸಂಗವೂ ಒಂದುಂಟು. ಜರ್ಮನರು ದೇಶವನ್ನು ಆಕ್ರಮಿಸಿದರೆ ಬ್ಯಾಂಕಿನ ಹಣ ಉಳಿಯದೆಂದು ಟ್ಯೂರಿಂಗ್ ಬೆಳ್ಳಿಯ ಗಟ್ಟಿಗಳನ್ನು ಕೊಂಡು ಬ್ಲೆಚ್ಲಿಯ ಬಳಿ ಹೂತಿಟ್ಟರು. ಯುದ್ಧ ಮುಗಿದ ಮೇಲೆ ಲೋಹಶೋಧಕ ಹಿಡಿದು ಹುಡುಕಿದರೂ ಅವು ಸಿಗಲಿಲ್ಲ. ಶತ್ರುವಿನ ಗುಟ್ಟನ್ನು ಬಿಡಿಸಿದವರಿಗೆ ತಮ್ಮದೇ ಠೇವಣಿಯ ಜಾಗ ತಿಳಿಯದೆ ಹೋಯಿತು. ಎಂತಹ ಬುದ್ಧಿವಂತನಿಗೂ ಒಂದು ರಸೀತಿ ಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ತಪ್ಪು ಮಾಡುವ ಬುದ್ಧಿ

ಯುದ್ಧಾನಂತರ ಲಂಡನ್ನಿನ ಬಳಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಅವರು ನಿಜವಾದ ಕಂಪ್ಯೂಟರೊಂದರ ವಿನ್ಯಾಸ ಮಾಡಿದರು. 1947ರ ಫೆಬ್ರವರಿಯಲ್ಲಿ ಲಂಡನ್ ಗಣಿತ ಸಂಘದಲ್ಲಿ ಅವರು ಮಾಡಿದ ಉಪನ್ಯಾಸವನ್ನು ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಯಾವ ಕೆಲಸದ ವಿಧಾನ ಒಮ್ಮೆ ರೂಢಿಗೆ ಬಂದು ನಿಯಮಬದ್ಧವಾಗುವುದೋ ಅದನ್ನು ಯಂತ್ರಕ್ಕೆ ಒಪ್ಪಿಸಬಹುದು. ಕೆಳಗಿನವರ ಕೆಲಸ ಮಾತ್ರವಲ್ಲ, ಪರಿಣತರ ಕೆಲಸವೂ ಹೀಗೆ ಹೋಗಬಹುದು. ಆಗ ಪರಿಣತರು ತಮ್ಮ ವಿದ್ಯೆಯನ್ನು ಅರ್ಥವಾಗದ ಮಾತುಗಳ ಮರೆಯಲ್ಲಿಟ್ಟು ಸ್ಥಾನ ಉಳಿಸಿಕೊಳ್ಳಲು ನೋಡಬಹುದು ಎಂಬುದು ಅವರ ಎಚ್ಚರಿಕೆಯಾಗಿತ್ತು. ಎಂದೂ ತಪ್ಪದ ಯಂತ್ರ ಬೇಕೆಂದರೆ ಅದರಿಂದ ಬುದ್ಧಿಯನ್ನು ನಿರೀಕ್ಷಿಸಬಾರದು, ಬುದ್ಧಿ ಬೇಕೆಂದರೆ ತಪ್ಪನ್ನೂ ಸಹಿಸಬೇಕು ಎಂಬ ವಿಚಾರವನ್ನೂ ಅವರು ಅಲ್ಲಿ ಮಂಡಿಸಿದರು. ಅನುಭವದಿಂದ ಕಲಿಯುವ ಯಂತ್ರಗಳ ಬಗ್ಗೆ 1948ರಲ್ಲಿ ಬರೆದ ವರದಿಯನ್ನು ಪ್ರಯೋಗಾಲಯದ ನಿರ್ದೇಶಕರು ಶಾಲಾಬಾಲಕನ ಪ್ರಬಂಧವೆಂದು ಬದಿಗಿಟ್ಟರು. ಟ್ಯೂರಿಂಗ್ ಬದುಕಿರುವಾಗ ಅದು ಅಚ್ಚಾಗಲೇ ಇಲ್ಲ.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ, 1950ರ ಅಕ್ಟೋಬರಿನಲ್ಲಿ, ಮೈಂಡ್ ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಅವರ ಪ್ರಸಿದ್ಧ ಲೇಖನ ಪ್ರಕಟವಾಯಿತು. ಮರೆಯಲ್ಲಿರುವುದು ಮನುಷ್ಯನೋ ಯಂತ್ರವೋ ಎಂಬುದನ್ನು ಬರಹದ ಪ್ರಶ್ನೋತ್ತರದಿಂದಲೇ ಗುರುತಿಸುವ ಆಟವೊಂದನ್ನು ಅದರಲ್ಲಿ ವಿವರಿಸಿದ್ದಾರೆ. ಮಾದರಿಗಾಗಿ ಕೊಟ್ಟ ಪ್ರಶ್ನೆಗಳಲ್ಲಿ ಒಂದು ಸಂಕಲನದ ಲೆಕ್ಕ: 34957 ಮತ್ತು 70764 ಕೂಡಿಸಬೇಕು. ಅರ್ಧ ನಿಮಿಷದ ಬಳಿಕ ಬರುವ ಉತ್ತರ 105621. ಓದುಗರು ಒಂದು ಕಾಗದ ತೆಗೆದುಕೊಂಡು ಕೂಡಿಸಿ ನೋಡಬೇಕು. ಸರಿಯಾದ ಮೊತ್ತ 105721. ಹತ್ತರ ಸ್ಥಾನ ಕೂಡಿಸುವಾಗ ಕೈಯಲ್ಲಿ ಉಳಿದ ಒಂದನ್ನು ನೂರರ ಸ್ಥಾನಕ್ಕೆ ಸೇರಿಸಲು ಮರೆತರೆ ಬರುವ ತಪ್ಪು ಅದು. ಮುದ್ರಣದೋಷವೆಂದು ಭಾವಿಸಬೇಕಾಗಿಲ್ಲ, ಮನುಷ್ಯನೆಂದು ನಂಬಿಸಲು ಯಂತ್ರ ಬೇಕೆಂದೇ ಲೆಕ್ಕ ತಪ್ಪಬಹುದೆಂದು ಅದೇ ಲೇಖನದ ಮುಂದಿನ ಭಾಗದಲ್ಲಿ ಟ್ಯೂರಿಂಗ್ ತಿಳಿಸಿದ್ದಾರೆ.

ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಉಳಿತಾಯ ಖಾತೆಗಳ ಲೆಡ್ಜರ್ ಬ್ಯಾಲೆನ್ಸಿಂಗ್ ಎಂದರೆ ಒಂದು ಯಜ್ಞ. ನೂರು ರೂಪಾಯಿಯ ವ್ಯತ್ಯಾಸಕ್ಕಾಗಿ ರಾತ್ರಿ ಕೊನೆಯ ಲೋಕಲ್ ಹೊರಡುವ ತನಕ ಕುಳಿತದ್ದುಂಟು. ಕೈಯಿಂದ ನೂರು ಹಾಕಿ ಮುಗಿಸೋಣವೆಂದರೆ ಹಿರಿಯ ಮುಖ್ಯ ಗುಮಾಸ್ತರು ಒಪ್ಪುತ್ತಿರಲಿಲ್ಲ. ನೂರು ಹೋದದ್ದು ದೊಡ್ಡದಲ್ಲ, ಅದು ಯಾರ ಖಾತೆಯಿಂದ ಹೋಯಿತೆಂಬುದೇ ದೊಡ್ಡದು ಎಂಬುದು ಅವರ ಪಾಠವಾಗಿತ್ತು. ಟ್ಯೂರಿಂಗ್ ಅವರ ಮೊತ್ತವನ್ನು ನೋಡಿದಾಗ ನಮಗೆ ಆ ಹಿರಿಯರ ನೆನಪಾಯಿತು.

ವಿಷಾದದ ಅಂತ್ಯ

ಇಷ್ಟೆಲ್ಲ ಸಾಧಿಸಿದವರ ಕೊನೆಯ ದಿನಗಳನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. 1947ರಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 46 ನಿಮಿಷಗಳಲ್ಲಿ ಮುಗಿಸಿದ ಗಟ್ಟಿ ದೇಹ. 1951ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವ. ಮರುವರ್ಷ ಜನವರಿಯಲ್ಲಿ ಅವರ ಮನೆಯಲ್ಲಿ ಕಳ್ಳತನವಾಯಿತು. ದೂರು ಕೊಡಲು ಹೋದವರು ತಾವೇ ಆರೋಪಿಯಾದರು. ವಿಚಾರಣೆಯ ವೇಳೆ ಇನ್ನೊಬ್ಬ ಪುರುಷನೊಡನೆ ತಮಗಿದ್ದ ಸಂಬಂಧವನ್ನು ಅವರು ಮರೆಮಾಚಲಿಲ್ಲ. ಅಂದಿನ ಕಾನೂನಿಗೆ ಅದು ಅಪರಾಧ. ಸೆರೆಮನೆಯ ಬದಲು ಹಾರ್ಮೋನ್ ಚಿಕಿತ್ಸೆಯ ಶರತ್ತನ್ನು ಒಪ್ಪಿ ಒಂದು ವರ್ಷ ಆ ಹಿಂಸೆಯನ್ನು ಅನುಭವಿಸಿದರು. ದೇಶವನ್ನು ಕಾಯ್ದವರಿಗೆ ದೇಶದ ರಹಸ್ಯ ಕೆಲಸದ ಬಾಗಿಲು ಮುಚ್ಚಿತು. ಯುದ್ಧಕಾಲದ ಸೇವೆಯನ್ನು ಹೇಳಿಕೊಳ್ಳಲೂ ಗೌಪ್ಯದ ಪ್ರಮಾಣ ಅಡ್ಡಬಂದಿತು. 1954ರ ಜೂನ್ 7ರಂದು ವಿಲ್ಮ್ಸ್ಲೋದ ಮನೆಯಲ್ಲಿ ಸಯನೈಡ್ ವಿಷದಿಂದ ಅವರು ಮೃತರಾದರು. ಆತ್ಮಹತ್ಯೆಯೆಂದು ವಿಚಾರಣೆಯ ತೀರ್ಪು. ಪ್ರಯೋಗದ ವೇಳೆಯ ಆಕಸ್ಮಿಕವೆಂದು ತಾಯಿಯ ನಂಬಿಕೆ. ಆಗ ಅವರಿಗೆ 41 ವರ್ಷ.

ಬ್ಲೆಚ್ಲಿಯ ಕಥೆ ಹೊರಬಂದದ್ದು 1970ರ ದಶಕದಲ್ಲಿ. 2009ರಲ್ಲಿ ಬ್ರಿಟಿಷ್ ಪ್ರಧಾನಿ ಕ್ಷಮೆ ಯಾಚಿಸಿದರು, 2013ರಲ್ಲಿ ರಾಣಿಯ ಕ್ಷಮಾದಾನ ಬಂದಿತು, 2021ರ ಜೂನ್ 23ರಂದು, ಅವರ ಜನ್ಮದಿನದಂದೇ, ಆ ನೋಟು ಚಲಾವಣೆಗೆ ಬಂದಿತು. ನಮ್ಮ ದೇಶದಲ್ಲೂ ಬ್ರಿಟಿಷರು ಬಿಟ್ಟುಹೋದ ಅಂತಹುದೇ ಕಾನೂನಿನ ಕಟ್ಟು ಸಡಿಲವಾದದ್ದು ಸುಪ್ರೀಂ ಕೋರ್ಟಿನ 2018ರ ತೀರ್ಪಿನಿಂದ. ಒಬ್ಬ ವ್ಯಕ್ತಿಯ ಇಡೀ ಬಾಳನ್ನು ಬಿಟ್ಟು, ಆತನನ್ನು ಒಂದು ವರ್ಗದ ಚೀಟಿ ಅಂಟಿಸಿ ತೀರ್ಮಾನಿಸುವುದು ಎಂತಹ ಅನ್ಯಾಯವೆಂಬುದಕ್ಕೆ ಟ್ಯೂರಿಂಗ್ ಅವರ ಅಂತ್ಯವೇ ಸಾಕ್ಷಿ. ಇಂದು ಯಂತ್ರಗಳು ಮನುಷ್ಯರನ್ನು ವರ್ಗೀಕರಿಸುವ ಕಾಲ ಬಂದಿರುವಾಗ ಈ ಮಾತನ್ನು ನಾವು ಮರೆಯಬಾರದು.

ನಮ್ಮ ಮೇಜಿನ ಮೇಲೆ

ಭಾರತದ ಬ್ಯಾಂಕುಗಳಲ್ಲಿ ಯಾಂತ್ರೀಕರಣಕ್ಕೆ ನೌಕರ ಸಂಘಗಳೊಡನೆ 1983ರಲ್ಲಿ ಒಪ್ಪಂದವಾಯಿತು; ಮರುವರ್ಷ ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ ದಾರಿ ತೋರಿಸಿತು. ಯಂತ್ರ ಬಂದದ್ದರಿಂದ ಯಾರಿಗೂ ನಷ್ಟವಾಗಲಿಲ್ಲವೆಂದರೆ ಸುಳ್ಳಾದೀತು. 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರನಡೆದರು. ನಮ್ಮ ಸಮಾಜದ ಎಷ್ಟೋ ಮನೆಗಳಿಗೆ ಅದರ ನೆನಪಿದೆ. ಆದರೆ ಊರಿನ ತಾಯಿಗೆ ಹಣ ಕಳುಹಿಸಲು ಡ್ರಾಫ್ಟ್ ಬರೆಸಿ ವಾರಗಟ್ಟಲೆ ಕಾಯುತ್ತಿದ್ದ ದಿನಗಳು ಮರಳಿ ಬರಲೆಂದು ನಮ್ಮಲ್ಲಿ ಯಾರೂ ಹಾರೈಸುವುದಿಲ್ಲ.

ಕೃತಕ ಬುದ್ಧಿಮತ್ತೆಯ ವಿಷಯದಲ್ಲೂ ಎರಡು ಮುಖಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ದಿನವೂ ನಗುನಗುತ್ತ ಬರುತ್ತಿದ್ದ ತರುಣನೊಬ್ಬನ ಖಾತೆಯನ್ನು ಯಂತ್ರ ಒಂದು ದಿನ ಸಂಶಯದ ಪಟ್ಟಿಗೆ ಸೇರಿಸಿತು. ಪರಿಚಿತ ಮುಖವೆಂದು ನಮಗೆ ನಂಬಲಾಗಲಿಲ್ಲ. ಪರಿಶೀಲಿಸಿದಾಗ, ಆತ ತನ್ನ ಖಾತೆಯನ್ನು ವಂಚಕರಿಗೆ ಬಾಡಿಗೆಗೆ ಕೊಟ್ಟದ್ದು ತಿಳಿಯಿತು. ನಮ್ಮ ಕಣ್ಣಿಗೆ ಬೀಳದ್ದು ಯಂತ್ರಕ್ಕೆ ಕಂಡಿತ್ತು. ಇಂತಹ ಬಾಡಿಗೆ ಖಾತೆಗಳನ್ನು ಹುಡುಕಲೆಂದೇ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ರೂಪಿಸಿದ ಮ್ಯೂಲ್ ಹಂಟರ್ ಎಂಬ ವ್ಯವಸ್ಥೆಯ ವಿಷಯವನ್ನು ರಿಸರ್ವ್ ಬ್ಯಾಂಕ್ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಇನ್ನೊಂದು ಮುಖ: ಮನೆಯಲ್ಲಿ ಅಡುಗೆ ಮಾಡಿ ಡಬ್ಬಿ ಕಳುಹಿಸುವ ವಿಧವೆ ತಾಯಿಯೊಬ್ಬರ ಸಣ್ಣ ಸಾಲದ ಅರ್ಜಿಗೆ ಅಂಕ ನೀಡುವ ವ್ಯವಸ್ಥೆ ಬೇಡವೆಂದಿತು. ಕಾರಣ ತೆರೆಯ ಮೇಲಿರಲಿಲ್ಲ. ಕಡತವನ್ನು ಬಿಡಿಸಿ ಕುಳಿತಾಗ, ಗುರುತಿನ ಚೀಟಿಯಲ್ಲೂ ಖಾತೆಯಲ್ಲೂ ಆಕೆಯ ಹೆಸರಿನ ಒಂದು ಅಕ್ಷರ ಬೇರೆಯಾಗಿದ್ದು, ವರ್ಷಗಳ ಆದಾಯ ಆಕೆಯ ಲೆಕ್ಕಕ್ಕೇ ಸೇರಿರಲಿಲ್ಲವೆಂಬುದು ಗೊತ್ತಾಯಿತು. ಕೈಯಲ್ಲಿ ಉಳಿದ ಒಂದನ್ನು ಕೂಡಿಸಲು ಮರೆತಿದ್ದರು, ಅಷ್ಟೇ. ತಿದ್ದಿ ಕಳುಹಿಸಿದೆವು, ಸಾಲ ಮಂಜೂರಾಯಿತು. ಕಡತ ಬಿಡಿಸಿ ನೋಡಲು ಅಂದು ನಮಗೆ ಸಮಯವಿತ್ತು. ಅದೂ ಇಲ್ಲದ ದಿನ ಆಕೆ ಯಾರನ್ನು ಕೇಳಬೇಕು?

ಲೋಕದಲ್ಲಿ ನಡೆದ ಎರಡು ಪ್ರಕರಣಗಳು ಇದನ್ನೇ ಹೇಳುತ್ತವೆ. 2024ರಲ್ಲಿ ಹಾಂಗ್‌ಕಾಂಗಿನಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಕಂಪೆನಿಯ ನೌಕರರೊಬ್ಬರು, ವಿಡಿಯೋ ಸಭೆಯಲ್ಲಿ ಕಂಡ ಮೇಲಧಿಕಾರಿಗಳ ಆದೇಶದಂತೆ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳುಹಿಸಿದರು; ಆ ಮುಖಗಳೂ ದನಿಗಳೂ ಯಂತ್ರದ ಸೃಷ್ಟಿಗಳಾಗಿದ್ದವು. ಟ್ಯೂರಿಂಗ್ ಅವರ ಆಟವೇ ದರೋಡೆಗೆ ಬಳಕೆಯಾಗಿತ್ತು. ಅದೇ ವರ್ಷ ಕೆನಡಾದಲ್ಲಿ, ಏರ್ ಕೆನಡಾದ ಜಾಲತಾಣದ ಮಾತಿನ ಯಂತ್ರ ಪ್ರಯಾಣಿಕರೊಬ್ಬರಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟದ್ದಕ್ಕೆ ಕಂಪೆನಿಯೇ ಹೊಣೆಯೆಂದು ನ್ಯಾಯಮಂಡಳಿ ತೀರ್ಪಿತ್ತಿತು. ತಪ್ಪು ಯಂತ್ರದ್ದಾದರೂ ಉತ್ತರ ಕೊಡಬೇಕಾದವನು ಒಡೆಯನೇ.

ನಮ್ಮ ಪವಾಯಿಗೂ ಈ ವಿಚಾರದಲ್ಲಿ ಪಾಲಿದೆ. ಹಣಕಾಸು ಕ್ಷೇತ್ರದಲ್ಲಿ ಕೃತಕ ಬುದ್ಧಿಮತ್ತೆಯ ಹೊಣೆಯರಿತ ಬಳಕೆಗೆ ನಿಯಮಗಳನ್ನು ಸೂಚಿಸಲು ರಿಸರ್ವ್ ಬ್ಯಾಂಕ್ 2024ರ ಡಿಸೆಂಬರಿನಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷತೆ ವಹಿಸಿದವರು ಇಲ್ಲಿನ ಐ.ಐ.ಟಿ.ಯ ಪ್ರಾಧ್ಯಾಪಕ ಡಾ. ಪುಷ್ಪಕ್ ಭಟ್ಟಾಚಾರ್ಯ. 2025ರ ಆಗಸ್ಟಿನಲ್ಲಿ ಹೊರಬಂದ ವರದಿಯಲ್ಲಿ 7 ಸೂತ್ರಗಳೂ 26 ಶಿಫಾರಸುಗಳೂ ಇವೆ. ಜನರಿಗೆ ಮೊದಲ ಸ್ಥಾನ ಕೊಡುವುದು, ಹೊಣೆಗಾರಿಕೆಯನ್ನು ನಿಶ್ಚಯಿಸುವುದು, ಯಂತ್ರದ ನಿರ್ಣಯ ಅರ್ಥವಾಗುವಂತಿರುವುದು ಅವುಗಳಲ್ಲಿ ಸೇರಿವೆ. ಅಂಜಿಕೆಯಿಂದ ಹೊಸತನವನ್ನು ತಡೆಯಬಾರದೆಂಬ ಸೂತ್ರವೂ ಅಲ್ಲಿದೆ.

ನಮ್ಮ ಮಕ್ಕಳು ಈ ವಿದ್ಯೆಯನ್ನು ಕಲಿಯಲಿ. ಅದರಿಂದ ಅನ್ನವೂ ದೊರೆಯಲಿ. ಆದರೆ ಯಂತ್ರ ಕೊಟ್ಟ ಮೊತ್ತದ ಕೆಳಗೆ ಸಹಿ ಹಾಕುವ ಮುನ್ನ ಒಮ್ಮೆ ತಾವೇ ಕೂಡಿಸಿ ನೋಡುವ ಅಭ್ಯಾಸವನ್ನು ಹಳೆಯ ಗುಮಾಸ್ತರಿಂದ ಉಳಿಸಿಕೊಳ್ಳಲಿ. ಆ ಅಭ್ಯಾಸಕ್ಕೆ ಬೇಕಾದ ಸಮಯವನ್ನೂ ಅಧಿಕಾರವನ್ನೂ ನೌಕರನಿಂದ ಕಸಿಯದ ಸಂಸ್ಥೆಗೆ ಯಂತ್ರ ಒಳ್ಳೆಯ ಸೇವಕನಾದೀತು. ಬಳ್ಳಾರಿಯ ಸಹಾಯಕ ಕಲೆಕ್ಟರರಾಗಿದ್ದವರ ಆ ಮಗ, 1950ರಲ್ಲೇ ಒಂದು ನೂರನ್ನು ಕಡಿಮೆ ಬರೆದು ನಮಗೆ ಪರೀಕ್ಷೆಯಿಟ್ಟು ಹೋಗಿದ್ದಾರೆ. ನೋಟಿನ ಮೇಲಿನ ಆ ಮುಖಕ್ಕೆ ನಮ್ಮ ಗೌರವದ ನಮನಗಳು.